ಬನಹಟ್ಟಿ ಮಾಮಾನ ಓಡಿ (ಓವರ್‌ಡ್ರಾಫ್ಟ್) ಖಾತಿ: ಚಾರ್ಜ್ ಬಿಡಿಸಿ ಕೇಳಿದ್ದು, ವಸೂಲಿ ಹುಡುಗ್ರನ್ನ ನಿಲ್ಲಿಸಿದ್ದು

2024ರ ಡಿಸೆಂಬರ್ 15, ಐತವಾರ. ನಾ ಬನಹಟ್ಟಿಗೆ ಹೋಗಿದ್ದು ಅತ್ತಿ ಮಾಡಿದ ಸಜ್ಜಿ ರೊಟ್ಟಿ ತಿನ್ನಾಕ, ಬ್ಯಾಂಕಿನ ಕೆಲಸಕ್ಕೇನಲ್ಲ. ಆದ್ರ ಮನಿ ಹೊಕ್ಕ ಕೂಡ್ಲೇ ಏನೋ ಬಿಗಡಾಯಿಸೇತಿ ಅಂತ ಗೊತ್ತಾತು, ಯಾಕಂದ್ರ ಹಿಂದಿನ ಶೆಡ್ಡಿನಾಗ ಇರೋ ಎಂಟು ಪವರ್‌ಲೂಮ್‌ದಾಗ ಎರಡೇ ನಡದಿದ್ವು. ಆ ಮನ್ಯಾಗ ಖಟಖಟ ಸಪ್ಪಳ ಕಡಿಮಿ ಆತಂದ್ರ ಸಾವಾದ ಮನಿಯಂಗ ಅನಸ್ತೈತಿ, ಸಣ್ಣಾಂವ ಇದ್ದಾಗಿಂದ ಆ ಸಪ್ಪಳದಾಗ ನಿದ್ದಿ ಮಾಡೀನಿ ನಾ.

ಮಾಮಾ ಏನೂ ಹೇಳಲಿಲ್ಲ. "ನೂಲು ಬಂದಿಲ್ಲಪಾ" ಅಂದ, ಅಷ್ಟ.

ಚಾ ಕುಡ್ಯಾಕ ಕುಂತಿದ್ವಿ, ಒಂದು ಬೈಕ್ ಬಂದು ಕಟ್ಟಿ ಮುಂದ ನಿಂತು. ಇಬ್ರು ಹುಡುಗ್ರು. ಒಬ್ಬಾಂವ ಗಾಡಿ ಮ್ಯಾಲೇ ಕುಂತು ಮೊಬೈಲ್ ತೀಡ್ಕೋತ ಇದ್ದ, ಇನ್ನೊಬ್ಬಾಂವ ಇಳದು ಬಾಗಿಲದಾಗ ನಿಂತು ಓಣಿ ಮಂದಿಗೆಲ್ಲ ಕೇಳುವಂಗ "ಏನ್ರೀ ಸಾವಕಾರ್ರ, ಬ್ಯಾಂಕಿನ ನಾಕು ಲಕ್ಷ ಎಂಬತ್ತ್ ಸಾವಿರ ಇಟ್ಕೊಂಡು ಆರಾಮ ಚಾ ಹೊಡ್ಯಾಕತ್ತೀರಲ್ಲ" ಅಂದ. ಅರವತ್ತೊಂದು ವರ್ಷದ ಮನಶ್ಯಾ, ನಮ್ಮ ಮಾಮಾ, ಎದ್ದು ಕೈ ಮುಗದ. ನೋಡ್ರಿ, ಅದೊಂದು ನನಗ ಸಹನ ಆಗಲಿಲ್ಲ. ಶೆಡ್ಡಿನಾಗಿನ ಕೆಲಸದ ಹೆಣ್ಮಕ್ಕಳು ಎರಡೂ ಮಗ್ಗ ನಿಲ್ಲಿಸಿ ಇಣಕಾಕತ್ತಿದ್ರು.

ನಾ ಐಡಿ ಕಾರ್ಡ್ ತೋರಿಸು ಅಂದ್ನಿ. ಅಂವ ಮೊಬೈಲ್‌ದಾಗ ಏನೋ ಆ್ಯಪ್ ತಗದು ಮಾಮಾನ ಹೆಸರು, ಬಾಕಿ ತೋರಿಸಿದ. ಇದಲ್ಲಪಾ, ನಿನ್ನ ಐಡಿ, ಬ್ಯಾಂಕ್ ಕೊಟ್ಟ ಆಥರೈಸೇಷನ್ ಲೆಟರ್, ಯಾವ ಏಜೆನ್ಸಿ ಅನ್ನೋ ನೋಟಿಸಿನ ಕಾಪಿ, ಇವು ಮೂರು ನಿನ್ನ ಕಡೆ ಇರಬೇಕು, 2008ರಿಂದ ರಿಸರ್ವ್ ಬ್ಯಾಂಕ್ ರೂಲ್ ಐತಿ ಅಂದಾಗ "ನೀವ್ಯಾರು, ವಕೀಲ್ರೇನು" ಅಂದ. ವಕೀಲ ಅಲ್ಲ, ವಿಜಯಪುರದಾಗ ಒಂದು ಆಡಿಟರ್ ಆಫೀಸಿನಾಗ ಟ್ಯಾಲಿ ಬಡಿಯಾಂವ ನಾ. ಆದ್ರ ಅದನ್ನ ಹೇಳಲಿಲ್ಲ, ಸುಮ್ನ ಬೈಕಿನ ನಂಬರ್ ಫೋಟೋ ಹೊಡದ್ನಿ. ಅದಕ್ಕ ಸಿಟ್ಟಿಗೆದ್ದು "ಮಗ್ಗ ಬಿಚ್ಚಿ ಟೆಂಪೋದಾಗ ಹಾಕ್ಕೊಂಡು ಹೊಕ್ಕೀವಿ, ನಾಳಿ ಪೊಲೀಸ್ರನ್ನ ಕರ್ಕೊಂಡೇ ಬರ್ತೀವಿ" ಅಂತ ಹೇಳಿ ಹ್ವಾದ್ರು.

ಮಗ್ಗ ಹಂಗೆಲ್ಲ ಒಯ್ಯಾಕ ಬರಂಗಿಲ್ಲ. ಅಡವು ಇಟ್ಟ ಆಸ್ತಿ ಮ್ಯಾಲ ಬ್ಯಾಂಕ್ ಸರ್ಫೇಸಿ ಕಾಯ್ದೆದಾಗ ಕೈ ಹಾಕಬೇಕಂದ್ರೂ ಮೊದ್ಲು ಖಾತಿ ಎನ್‌ಪಿಎ, ಅಂದ್ರ ಕೆಟ್ಟ ಸಾಲ, ಅಂತ ಆಗಬೇಕು, ಆಮ್ಯಾಲ 13(2) ಕಲಮಿನ ಕೆಳಗ 60 ದಿನದ ನೋಟಿಸ್ ಕೊಡಬೇಕು. ಬೈಕ್ ಮ್ಯಾಲ ಬಂದ ಇಬ್ರು ಹುಡುಗ್ರ ಕೆಲಸ ಅಲ್ಲ ಅದು. ಸಾಲ ಬಾಕಿ ಇರೋದು ಪೊಲೀಸ್ ಕೇಸೂ ಅಲ್ಲ, ಉಲ್ಟಾ ಬಾಗಿಲಿಗೆ ಬಂದು ಹೆದರಸೋದು ಭಾರತೀಯ ನ್ಯಾಯ ಸಂಹಿತೆ 351ನೇ ಕಲಮಿನಾಗ ಅಪರಾಧ. ಇದನ್ನೆಲ್ಲ ಹೇಳಿದ್ರ ಮಾಮಾ ಒಂದೇ ಮಾತು ಅಂದ: "ಕಾಯ್ದೆ ಇರಲೋ, ಓಣ್ಯಾಗ ಮಾನ ಹೋತಲ್ಲ."

ಆಗ ಫೋನ್ ಇಸ್ಕೊಂಡು ಕಾಲ್ ಲಿಸ್ಟ್ ನೋಡಿದ್ನಿ. ನವೆಂಬರ್ ಮಧ್ಯದಿಂದ ಶುರು ಆಗ್ಯಾವ. ಮುಂಜಾನೆ 6:52ಕ್ಕ ಒಂದು, ರಾತ್ರಿ 8:40ಕ್ಕ ಒಂದು, ಒಂದೊಂದು ದಿನ ಆರೇಳು. ಅಷ್ಟಕ್ಕೇ ಬಿಟ್ಟಿಲ್ಲ, ಹುಬ್ಬಳ್ಳಿಗೆ ಕೊಟ್ಟ ಮಗಳಿಗೆ ಫೋನ್ ಮಾಡ್ಯಾರ, ಇಚಲಕರಂಜಿ ನೂಲಿನ ವ್ಯಾಪಾರಿಗೂ ಮಾಡಿ "ನಿಮ್ಮ ಗಿರಾಕಿ ಬ್ಯಾಂಕ್ ಮುಳಗಿಸ್ಯಾನ" ಅಂದಾರ. ನೂಲು ಯಾಕ ಬಂದಿಲ್ಲ ಅನ್ನೋದು ಆಗ ತಿಳೀತು. 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸರ್ಕ್ಯುಲರ್ ಪ್ರಕಾರ ಮುಂಜಾನೆ 8ರ ಮುಂಚೆ, ಸಂಜಿ 7ರ ಆಮ್ಯಾಲ ವಸೂಲಿಗೆ ಫೋನ್ ಮಾಡಂಗಿಲ್ಲ, ಮನಿ ಮಂದಿಗೆ, ಗೆಳ್ಯಾರಿಗೆ ತ್ರಾಸ ಕೊಡಂಗಿಲ್ಲ, ನಾಕು ಮಂದ್ಯಾಗ ಮಾನ ಕಳ್ಯಂಗಿಲ್ಲ. ಮೈಕ್ರೋಫೈನಾನ್ಸ್ ಸಾಲ ಇದ್ರ ಇನ್ನೂ ಬಿಗಿ, ಅದಕ್ಕ 9ರಿಂದ 6. ಎಲ್ಲಾ ಕಾಲ್‌ಗಳದ್ದು ಸ್ಕ್ರೀನ್‌ಶಾಟ್ ಹೊಡಕೊಂಡ್ನಿ, ಮಗಳಿಗೂ ಕಳಸು ಅಂದ್ನಿ. ನೂಲಿನ ವ್ಯಾಪಾರಿ ಕೊಡಲಿಲ್ಲ, ನಮ್ಮನ್ನ ಬಿಡ್ರಿ ಅಂದ.

ಈಗ ಸಾಲದ ಮೂಲಕ್ಕ ಬರೋಣ. ಮಾಮಾನ ಕಡೆ ಇರೋದು ಐದು ಲಕ್ಷದ ಲಿಮಿಟ್, ಪಾಸ್‌ಬುಕ್ ಮ್ಯಾಲ ಕ್ಯಾಶ್ ಕ್ರೆಡಿಟ್ ಅಂತ ಐತಿ, ನಮ್ಮ ಮಂದಿ ಎಲ್ಲಾರೂ ಓಡಿ ಅಂತಾರ. ಬಡ್ಡಿ 11.5. ಬ್ಯಾಂಕ್ ಯಾವ್ದು ಅನ್ನೋದು ಬ್ಯಾಡ, ಹಿಂಗ ಮಾಡೋ ಬ್ಯಾಂಕ್ ಒಂದೇ ಅಲ್ಲ. ಇಂಥಾ ಖಾತ್ಯಾಗ ಐದು ಲಕ್ಷ ಅಂತ ಮಂಜೂರಾತಿ ಇದ್ದ ಮಾತ್ರಕ್ಕ ಐದು ಲಕ್ಷ ತಗ್ಯಾಕ ಬರಂಗಿಲ್ಲ, ತಿಂಗಳಾ ತಿಂಗಳಾ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅಂದ್ರ ಶೆಡ್ಡಿನಾಗ ನೂಲು ಎಷ್ಟೈತಿ, ಸೀರಿ ಎಷ್ಟದಾವ, ಬರೋ ಬಾಕಿ ಎಷ್ಟು, ಕೊಡೋದು ಎಷ್ಟು. ಅದರ ಮ್ಯಾಲ ಬ್ಯಾಂಕ್ ಡ್ರಾಯಿಂಗ್ ಪವರ್ (ಡಿಪಿ) ಹಾಕ್ತೈತಿ, ಅಂದ್ರ ಖರೇನ ಎಷ್ಟು ರೊಕ್ಕ ತಗೀಬಹುದು ಅನ್ನೋ ಲೆಕ್ಕ. ಮಾಮಾಂದು ಆಗ ಸ್ಟಾಕು, ಬರೋ ಬಾಕಿ ಕೂಡಿ 7,40,000, ನೂಲಿನವರಿಗೆ ಕೊಡೋದು 60,000, ಉಳದದ್ದು 6,80,000, ಅದರಾಗ 25 ಪರ್ಸೆಂಟ್ ಮಾರ್ಜಿನ್ ಕಳದ್ರ 5,10,000. ಲಿಮಿಟ್ಟಿಗಿಂತ ಜಾಸ್ತಿನೇ ಐತಿ. ಅಂದ್ರ ಧಂದೆ ಏನೂ ಮುಳಗಿರಲಿಲ್ಲ.

ಮತ್ತ ಹಿಂಗ್ಯಾಕಾತು? ಮೂರು ತಿಂಗಳಿಗಿಂತ ಹಳೇ ಸ್ಟಾಕ್ ಸ್ಟೇಟ್‌ಮೆಂಟ್ ಮ್ಯಾಲ ಹಾಕಿದ ಡ್ರಾಯಿಂಗ್ ಪವರ್ ನಡ್ಯಂಗಿಲ್ಲ. ಬ್ಯಾಂಕಿನ ಕಂಪ್ಯೂಟರ್‌ದಾಗ ಕೊನಿ ಎಂಟ್ರಿ ಇದ್ದದ್ದು ಜೂನ್ 30ರದ್ದು. ಅಕ್ಟೋಬರ್ 1ಕ್ಕ ಡಿಪಿ ಸೊನ್ನಿ ಆತು, ಸೊನ್ನಿ ಆದ ಕೂಡ್ಲೇ ಇದ್ದ 4,80,000 ಅಷ್ಟೂ ಲಿಮಿಟ್ ಮೀರಿದ ರೊಕ್ಕ ಅಂತ ಲೆಕ್ಕ. ಒಂದು ರೂಪಾಯಿ ಹೊಸಾದು ತಗಿಲಾರದ ಮನಶ್ಯಾ ರಾತ್ರೋರಾತ್ರಿ ಓವರ್‌ಡ್ಯೂ ಆದ. ಇಚಲಕರಂಜಿಗೆ ಕೊಟ್ಟ ಎರಡು ಚೆಕ್ ವಾಪಸ್ ಬಂದ್ವು.

"ನಾ ಪ್ರತಿ ತಿಂಗಳಾ ಕೊಟ್ಟೀನಲೋ" ಅಂತ ಮಾಮಾ ಎದಿ ಬಡಕೊಂಡ. ಹೆಂಗ ಕೊಟ್ಟೀ ಅಂದ್ರ ವಾಟ್ಸಾಪ್ ತಗದು ತೋರಿಸಿದ: ಆಗಸ್ಟ್ 6, ಸೆಪ್ಟೆಂಬರ್ 4, ಅಕ್ಟೋಬರ್ 5, ನವೆಂಬರ್ 5, ನಾಕೂ ತಿಂಗಳ ಫೋಟೋ, ನೀಲಿ ಟಿಕ್ ಸಮೇತ. ಕಳಿಸಿದ್ದು ಫೀಲ್ಡ್ ಆಫೀಸರ್‌ಗೆ. ಆ ಆಫೀಸರ್ ಜುಲೈದಾಗೇ ಬ್ಯಾರೆ ಬ್ರಾಂಚಿಗೆ ಟ್ರಾನ್ಸ್‌ಫರ್ ಆಗ್ಯಾರ! ನೋಡ್ಯಾರ, ಸುಮ್ನ ಕುಂತಾರ. ಒಂದು ಸಲ ಅಂತೂ ಥಂಬ್ಸ್‌ಅಪ್ ಹಾಕ್ಯಾರ. ಆ ಥಂಬ್ಸ್‌ಅಪ್ ನೋಡಿ ನನಗ ನಗೂ ಬಂತು, ಹೊಟ್ಟೀನೂ ಉರೀತು. ಹಂಗಂತ ಮಾಮಾಂದು ತಪ್ಪೇ ಇಲ್ಲ ಅನ್ನಂಗಿಲ್ಲ, ಬ್ರಾಂಚಿಗೆ ಕೊಡೋದನ್ನ ಒಬ್ಬ ಮನಶ್ಯಾನ ಮೊಬೈಲಿಗೆ ಕಳಸೋದು, ರಸೀದಿ ಇಸ್ಕೊಳ್ಳಾರದಾಂಗ ಇರೋದು, ನವೆಂಬರ್ 30ಕ್ಕ ಖಾತಿ ಎಸ್‌ಎಂಎ (ಎನ್‌ಪಿಎ ಆಗೋ ಮುಂಚಿನ ಎಚ್ಚರಿಕಿ ಗುರ್ತು) ಆಗೇತಿ ಅಂತ ಬಂದ ಇಂಗ್ಲಿಷ್ ಮೆಸೇಜ್ ಯಾರಿಗೂ ತೋರಸ್ಲಾರದಾಂಗ ಇಟ್ಟದ್ದು, ಎಲ್ಲಾ ನಮ್ಮ ಕಡೀದು.

ರಾತ್ರಿ ಕುಂತು ಸ್ಟೇಟ್‌ಮೆಂಟ್ ಪ್ರಿಂಟ್ ತಗಿಸಿದ್ವಿ, ಹನ್ನೊಂದು ಹಾಳಿ. ಹಳದಿ ಸ್ಕೆಚ್ ಪೆನ್ ಹಿಡದು ಬ್ಯಾಂಕ್ ತಾನಾಗೇ ಕಟ್ ಮಾಡಿದ ಪ್ರತಿ ಸಾಲಿಗೂ ಗೆರಿ ಹೊಡದ್ನಿ. "ಎಸ್‌ಟಿಕೆ ಎನ್‌ಎಸ್ ಪಿಇಎನ್" ಅಂತ ಆಗಸ್ಟ್‌ದಿಂದ ನವೆಂಬರ್ ತನಕ ನಾಕು ಸಲ 1,180, ಅಂದ್ರ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಲಾರದ್ದಕ್ಕ ಸಾವಿರ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. "ಯುಎನ್‌ಟಿ ವಿಜಿಟ್" ಅಂತ ಎರಡು ಸಲ 885. ಚೆಕ್ ರಿಟರ್ನ್ ಎರಡು ಸಲ 590. ಯೂನಿಟ್ ವಿಜಿಟ್ ಅಂದ್ರ ಬ್ಯಾಂಕಿನವ್ರು ಶೆಡ್ಡಿಗೆ ಬಂದು ಸ್ಟಾಕ್ ನೋಡಿ ಹೋಗೋ ಚಾರ್ಜು. ಅತ್ತಿನ್ನ ಕೇಳಿದ್ನಿ, ಯಾರರ ಬಂದಿದ್ರೇನು? "ಬಂದಿದ್ರ ನಾ ಚಾ ಮಾಡ್ತಿದ್ನಲ್ಲೋ" ಅಂದ್ಲು. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು.

ಕಣ್ಣಿಗೆ ಕಾಣೋ ಚಾರ್ಜ್ ಇವು. ಕಾಣಲಾರದ್ದು ಬಡ್ಡಿ ಸಾಲಿನಾಗ ಅಡಗಿತ್ತು. ನವೆಂಬರ್ ಬಡ್ಡಿ 5,326 ಕಟ್ ಆಗೇತಿ. ನಾ ಎಕ್ಸೆಲ್‌ದಾಗ ಹಾಕಿದ್ನಿ, 4,80,000ಕ್ಕ 11.5ರಂಗ 30 ದಿನಕ್ಕ ಬರಬೇಕಾದ್ದು 4,537. 789 ಜಾಸ್ತಿ. ಬಡ್ಡಿ ಬ್ಯಾರೆ ಬ್ಯಾರೆ ಹಾಕಿ ನೋಡಕೋತ ಹೋದಾಗ 13.5ಕ್ಕ ಕರೆಕ್ಟ್ ಕುಂತು. ಅಕ್ಟೋಬರ್‌ದಾಗೂ ಹಂಗ, 815 ಜಾಸ್ತಿ. ಅಂದ್ರ ಡಿಪಿ ಸೊನ್ನಿ ಆದ ದಿನದಿಂದ ಸಿಸ್ಟಮ್ ತಾನೇ ಎರಡು ಪರ್ಸೆಂಟ್ ಬಡ್ಡಿಗೆ ಕೂಡಿಸ್ಕೊಂಡೈತಿ.

ಇಲ್ಲೇ ಬ್ಯಾಂಕ್ ಸಿಕ್ಕಿಬಿದ್ದದ್ದು. 2023ರ ಆಗಸ್ಟ್ 18ಕ್ಕ ರಿಸರ್ವ್ ಬ್ಯಾಂಕ್ ಹೊರಡಿಸಿದ ಸರ್ಕ್ಯುಲರ್ ಐತಿ, ಕರಾರು ಮುರದದ್ದಕ್ಕ ದಂಡ ಹಾಕಬೇಕಂದ್ರ ಅದು ಚಾರ್ಜ್ ಆಗಿರಬೇಕು, ದಂಡಬಡ್ಡಿ ಅಂತ ಬಡ್ಡಿ ದರಕ್ಕ ಕೂಡಸಂಗಿಲ್ಲ, ಆ ದಂಡದ ಮ್ಯಾಲ ಮತ್ತ ಬಡ್ಡಿ ಹಾಕಂಗಿಲ್ಲ, ಮತ್ತ ದಂಡ ತಪ್ಪಿಗೆ ತಕ್ಕಷ್ಟಿರಬೇಕು. ಹೊಸಾ ಸಾಲಕ್ಕ 2024ರ ಏಪ್ರಿಲ್ 1ರಿಂದ, ಹಳೇ ಸಾಲಕ್ಕ ಆಮ್ಯಾಲಿನ ರಿನೀವಲ್‌ದಿಂದ, ಹೆಚ್ಚಂದ್ರ ಜೂನ್ 30ರೊಳಗ. ಮಾಮಾನ ಖಾತಿ ರಿನೀವಲ್ ಆದದ್ದು 2024ರ ಮೇದಾಗ. ಬ್ಯಾಂಕ್ ತನ್ನ ಮಂಜೂರಾತಿ ಪತ್ರದಾಗ ಶಾಣ್ಯಾತನದಿಂದ ಪೀನಲ್ ಚಾರ್ಜ್ ಅಂತ ಹೊಸಾ ಶಬ್ದ ಬರಕೊಂಡೈತಿ, ಕಂಪ್ಯೂಟರ್‌ದಾಗ ಮಾತ್ರ ಹಳೇ ಆಟನೇ ನಡದೈತಿ.

ಒಟ್ಟು ಕೂಡಿಸಿದ್ರ 4,720, 1,770, 1,180, 1,604. ಎಲ್ಲಾ ಸೇರಿ 9,274. ಮಾಮಾಗ ಸಿಟ್ಟು ಬಂದು "ಅಷ್ಟೂ ವಾಪಸ್ ಕೇಳು, ಮ್ಯಾನೇಜರ್‌ನ ಟೇಬಲ್ ಬಡದು ಕೇಳ್ತೀನಿ" ಅಂದ. ನಾ ಬ್ಯಾಡಂದ್ನಿ. ಎಲ್ಲಾ ಒಂದೇ ಗಂಟು ಕಟ್ಟಿ ಅನ್ಯಾಯ ಅನ್ಯಾಯ ಅಂತ ಕೂಗಿದ್ರ ಬ್ಯಾಂಕಿನವ್ರು ಅದರಾಗಿನ ನಮ್ಮ ತಪ್ಪನ್ನ ಹಿಡದು ಇಡೀ ಗಂಟನ್ನ ಹೊರಗ ಒಗಿತಾರ, ಇದು ನಾ ಆಫೀಸಿನಾಗ ಹತ್ತು ಸಲ ನೋಡೀನಿ. ಒಂದೊಂದು ಚಾರ್ಜಿಗೆ ಒಂದೊಂದು ಬ್ಯಾರೆ ಪ್ರಶ್ನೆ ಇರಬೇಕು. ವಿಜಿಟ್ ಚಾರ್ಜಿಗೆ: ವಿಜಿಟ್ ರಿಪೋರ್ಟ್ ಕಾಪಿ ಕೊಡ್ರಿ. ಬಡ್ಡಿಗೆ: 13.5 ಯಾವ ಕರಾರಿನಾಗ ಐತಿ ತೋರಿಸ್ರಿ. ಸ್ಟಾಕ್ ದಂಡಕ್ಕ: ನಿಮ್ಮ ಆಫೀಸರ್‌ಗೆ ಕಳಸಿದ್ದು ಇಲ್ಲೈತಿ, ಅವರು ಬದಲಾದದ್ದನ್ನ ನಮಗ ಯಾವಾಗ ತಿಳಿಸಿದ್ರಿ. ಚೆಕ್ ರಿಟರ್ನ್ ವಿಷಯ ನಮ್ಮದು ವೀಕ್ ಅಂತ ಗೊತ್ತಿತ್ತು, ಆದ್ರೂ ಬರದ್ವಿ.

ಚಾರ್ಜಿಗಿಂತ ಅರ್ಜೆಂಟ್ ಇನ್ನೊಂದಿತ್ತು. ಡಿಪಿ ಮೀರಿದ್ದು 90 ದಿನ ಹಂಗೇ ನಡೀತಂದ್ರ ಖಾತಿ ಎನ್‌ಪಿಎ. ಅಕ್ಟೋಬರ್ 1ರಿಂದ ಎಣಿಸಿದ್ರ ಡಿಸೆಂಬರ್ ಮುಗಿಯೋದ್ರಾಗ ಗಡುವು. ಎನ್‌ಪಿಎ ಆತಂದ್ರ ಹತ್ತು ಸಾವಿರದ ಜಗಳ ಅಲ್ಲ, ಮಗ್ಗದ ಜಗಳ. ಅದಕ್ಕ ಸೋಮವಾರ ಆಫೀಸಿಗೆ ರಜಾ ಹಾಕಿ ಇಬ್ರೂ ಬ್ರಾಂಚಿಗೆ ಹೋಗಿ, ಜುಲೈದಿಂದ ನವೆಂಬರ್ ತನಕ ಐದು ತಿಂಗಳದ ಸ್ಟಾಕ್ ಸ್ಟೇಟ್‌ಮೆಂಟ್ ಎರಡೆರಡು ಕಾಪಿ ಮಾಡಿ ಒಯ್ದ್ವಿ. ಕೌಂಟರ್‌ನಾಗಿದ್ದ ಮೇಡಂ ತಗೊಂಡು "ಆತ್ರಿ, ಎಂಟ್ರಿ ಮಾಡ್ತೀವಿ" ಅಂದ್ರು. ನಮ್ಮ ಕಾಪಿ ಮ್ಯಾಲ ಸೀಲ್ ಹಾಕ್ರಿ ಅಂದ್ನಿ. ಸೀಲ್ ಮ್ಯಾನೇಜರ್ ಕ್ಯಾಬಿನ್‌ದಾಗ ಐತಿ. ಮ್ಯಾನೇಜರ್ ಊಟಕ್ಕ ಹೋಗ್ಯಾರ. ಊಟ ಆದ ಮ್ಯಾಲ ಮೀಟಿಂಗ್. ಕುಂತ್ವಿ. ಮಾಮಾ ಕುಂತಲ್ಲೇ ತೂಕಡಿಸಿದ. ಸಂಜಿ ನಾಕೂ ಕಾಲಿಗೆ ಸೀಲ್ ಬಿತ್ತು, ತಾರೀಖು, ಸಹಿ ಸಮೇತ. ಹೊಸಾ ಫೀಲ್ಡ್ ಆಫೀಸರ್ ಶುಕ್ರವಾರ ಶೆಡ್ಡಿಗೆ ಬಂದು ನೋಡಿ ಹ್ವಾದ್ರು, ಅತ್ತಿ ಚಾ ಮಾಡಿದ್ಲು, ಅವತ್ತೇ ಡಿಸೆಂಬರ್ 20ಕ್ಕ ಡಿಪಿ ವಾಪಸ್ ಐದು ಲಕ್ಷ ಆತು. ಎನ್‌ಪಿಎ ತಪ್ಪಿತು.

ಕಂಪ್ಲೇಂಟ್ ಪತ್ರ 18ಕ್ಕ ಕೊಟ್ಟಿದ್ವಿ, ಅದಕ್ಕೂ ಸೀಲ್, ಅದೇ ಪತ್ರ ಬ್ಯಾಂಕಿನ ನೋಡಲ್ ಆಫೀಸರ್ ಮೇಲ್‌ಗೂ. ಚಾರ್ಜಿನದು ಒಂದು ಪತ್ರ, ವಸೂಲಿ ಹುಡುಗ್ರದು ಇನ್ನೊಂದು, ಬ್ಯಾರೆ ಬ್ಯಾರೆ. ಯಾಕಂದ್ರ ಚಾರ್ಜ್ ಸರಿ ಇದ್ರೂ ಮುಂಜಾನೆ 6:52ಕ್ಕ ಫೋನ್ ಮಾಡಿದ್ದು ಸರಿ ಆಗಂಗಿಲ್ಲ. ಎರಡನೇ ಪತ್ರದಾಗ ಕಾಲ್ ಸ್ಕ್ರೀನ್‌ಶಾಟ್, ಬೈಕಿನ ಫೋಟೋ, ಮಗಳಿಗೆ ಬಂದ ಫೋನಿನ ವಿವರ, ಕೊನಿಗೆ ಎರಡು ಪ್ರಶ್ನೆ: ನೀವು ನೇಮಿಸಿದ ಏಜೆನ್ಸಿ ಹೆಸರೇನು, ಮತ್ತ ಗ್ರಾಹಕನ ದೂರು ಇತ್ಯರ್ಥ ಆಗೋ ತನಕ ಕೇಸು ಏಜೆನ್ಸಿ ಕಡೆ ಕೊಡಬಾರ್ದು ಅಂತ ರಿಸರ್ವ್ ಬ್ಯಾಂಕಿನ 2008ರ ರೂಲ್ ಹೇಳ್ತೈತಲ್ಲ, ಅದನ್ನ ಪಾಲಿಸ್ತೀರೋ ಇಲ್ಲೋ. ಕಿತಾಪತಿಗೆ ಕೊಟ್ಟ ದೂರಿದ್ರ ಮಾತ್ರ ಬ್ಯಾಂಕಿಗೆ ವಿನಾಯಿತಿ ಐತಿ, ಸೀಲ್ ಬಿದ್ದ ಸ್ಟಾಕ್ ಕಾಪಿ ಕೈಯಾಗಿದ್ದಾಗ ಹಂಗನ್ನಾಕ ಬರಂಗಿಲ್ಲ.

ಅವತ್ತ ರಾತ್ರಿ 7:50ಕ್ಕ ಮತ್ತ ಫೋನ್. ಮಾಮಾಗ ಮೊದ್ಲೇ ಹೇಳಿ ಇಟ್ಟಿದ್ನಿ, ಸಿಟ್ಟಾಗಬ್ಯಾಡ, ರೊಕ್ಕ ಯಾವಾಗ ಕೊಡ್ತೀನಿ ಅಂತನೂ ಹೇಳಬ್ಯಾಡ, ರೆಕಾರ್ಡಿಂಗ್ ಚಾಲೂ ಮಾಡಿ ಹೆಸರು, ಏಜೆನ್ಸಿ ಕೇಳು, ಟೈಮ್ ಎಷ್ಟಾತು ಅಂತ ಅವನ ಬಾಯಿಂದಲೇ ಹೇಳಸು. ಮಾಮಾ ಕೇಳಿದ, "ತಮ್ಮಾ, ನಿನ್ನ ಗಡ್ಯಾರದಾಗ ಈಗ ಎಷ್ಟ್ ಗಂಟಿ?" ಆ ಕಡೆ ಫೋನ್ ಕಟ್. ಮನಿಯಾಗ ಎಲ್ಲಾರೂ ನಕ್ಕಿವಿ, ಎಷ್ಟೋ ದಿನದ ಮ್ಯಾಲ. ಆಮ್ಯಾಲ ಬೈಕ್ ಬರಲಿಲ್ಲ, ಫೋನೂ ಬರಲಿಲ್ಲ.

ಬ್ಯಾಂಕಿನ ಉತ್ತರ ಬಂದದ್ದು ಜನವರಿ 15ಕ್ಕ, ಸಂಕ್ರಮಣದ ಮರುದಿನ, ಇಲ್ಲಿ ವಿಜಯಪುರದಾಗ ಸಿದ್ಧೇಶ್ವರ ಜಾತ್ರಿ ಗದ್ದಲದಾಗ ನಾ ಮೇಲ್ ನೋಡಿದ್ನಿ. ವಿಜಿಟ್ ಚಾರ್ಜ್ 1,770 ವಾಪಸ್ ಹಾಕೀವಿ, ಉಳದದ್ದು ಶೆಡ್ಯೂಲ್ ಆಫ್ ಚಾರ್ಜಸ್ ಪ್ರಕಾರ ಐತಿ, ಏಜೆನ್ಸಿಗೆ ಸೂಕ್ತ ಸೂಚನೆ ಕೊಟ್ಟೀವಿ, ಧನ್ಯವಾದ. 13.5ರ ಬಗ್ಗೆ ಒಂದು ಅಕ್ಷರ ಇಲ್ಲ.

ಬ್ಯಾಂಕ್ ಇಲ್ಲ ಅಂದ್ರ, ಇಲ್ಲಾ 30 ದಿನದಾಗ ಉತ್ತರನೇ ಕೊಡಲಿಲ್ಲಂದ್ರ, ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಅಂದ್ರ ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಅಧಿಕಾರಿ ಕಡೆ ಹೋಗಬಹುದು. 2021ರ ನವೆಂಬರ್‌ದಿಂದ ಎಲ್ಲಾ ಒಂದೇ ಸ್ಕೀಮ್, ಸಿಎಂಎಸ್ ಅನ್ನೋ ಪೋರ್ಟಲ್‌ದಾಗ ಹಾಕೋದು, ಫೀ ಇಲ್ಲ, ವಕೀಲ ಬ್ಯಾಡ. ಬ್ಯಾಡ ಅಷ್ಟ ಅಲ್ಲ, ವಕೀಲರ ಮೂಲಕ ಹಾಕಿದ್ರ ತಗೊಳ್ಳಂಗೇ ಇಲ್ಲ. ಪೋರ್ಟಲ್ ತಿಳಿಲಿಲ್ಲಂದ್ರ 14448ಕ್ಕ ಹಚ್ಚಿದ್ರ ಕನ್ನಡದಾಗೂ ಹೇಳ್ತಾರ. ನಮ್ಮ ಕಡೆ ಇದನ್ನ ಹಾಕಿಕೊಡಾಕ ಎರಡು ಸಾವಿರ ಇಸ್ಕೊಳ್ಳೋ ಮಂದಿ ಅದಾರ, ಕೊಡಬ್ಯಾಡ್ರಿ, ಓಟಿಪಿ ಬರೋ ಒಂದು ಮೊಬೈಲು, ಪಿಡಿಎಫ್ ಮಾಡಿದ ಹಾಳಿ ಇದ್ರ ಮುಗೀತು. ನಾವು ಹಾಕಿದ್ದು ಫೆಬ್ರುವರಿ 2ಕ್ಕ. ಅಷ್ಟರಾಗ ಇನ್ನೊಂದು ಅಸ್ತ್ರ ಸಿಕ್ಕಿತ್ತು: ಜೈಸಲ್ಮೇರ್‌ದಾಗ ಡಿಸೆಂಬರ್‌ದಾಗ ನಡದ 55ನೇ ಜಿಎಸ್‌ಟಿ ಕೌನ್ಸಿಲ್ ಮೀಟಿಂಗ್ ಆದ ಮ್ಯಾಲ ಜನವರಿ 28ಕ್ಕ ಸ್ಪಷ್ಟೀಕರಣ ಬಂತು, ಬ್ಯಾಂಕ್ ಹಾಕೋ ಪೀನಲ್ ಚಾರ್ಜಿಗೆ ಜಿಎಸ್‌ಟಿ ಹತ್ತಂಗಿಲ್ಲ ಅಂತ. ನಾಕು ಸಲ 180, ಅಂದ್ರ 720. ಆ ರೊಕ್ಕ ಮೊದ್ಲಿನ 4,720ದಾಗೇ ಇತ್ತು, ಆದ್ರ ಈ ಕಾರಣನೂ ಬರದು ಸೇರಿಸಿದ್ನಿ. ಡಿಸೆಂಬರ್‌ದ 20 ದಿನದ ಎರಡು ಪರ್ಸೆಂಟ್ 526 ಸೇರಿ ತಕರಾರು ಒಟ್ಟು 9,800 ಆತು. ತ್ರಾಸಿಗಂತ ಹತ್ತು ಸಾವಿರ ಪರಿಹಾರನೂ ಕೇಳಿದ್ವಿ.

ಮಾರ್ಚ್‌ದಾಗ ಬ್ಯಾಂಕಿನ ರೀಜನಲ್ ಆಫೀಸಿಂದ ತಾವೇ ಫೋನ್ ಮಾಡಿದ್ರು, ಭಾಳ ಸವಿ ಮಾತು. ದಂಡಬಡ್ಡಿ 2,130 ಪೂರ್ತಿ ವಾಪಸ್, ಜಿಎಸ್‌ಟಿ 720 ವಾಪಸ್, ಸ್ಟಾಕ್ ದಂಡದಾಗ ಎರಡು ತಿಂಗಳದ್ದು 2,000 ವಾಪಸ್. ಮೊದ್ಲಿನ 1,770 ಹಿಡದ್ರ 6,620. ಉಳದ ಎರಡು ಸಾವಿರ ದಂಡ, ಚೆಕ್ ರಿಟರ್ನ್ 1,180 ಬಿಡಂಗಿಲ್ಲ, ಪರಿಹಾರದ ಮಾತಂತೂ ಬ್ಯಾಡ. ಒಪ್ಪಿದ್ರ ಓಂಬುಡ್ಸ್‌ಮನ್ ಕೇಸು ರಾಜಿ ಅಂತ ಮುಗೀತೈತಿ. ನನಗ ಒಪ್ಪಿಗಿ ಇರಲಿಲ್ಲ, ಇನ್ನೂ ಎಳೀಬೇಕಿತ್ತು, ಆ ಹುಡುಗ್ರು ಮಗಳಿಗೆ ಫೋನ್ ಮಾಡಿದ್ದಕ್ಕರ ಏನಾರ ಕೊಡಬೇಕಿತ್ತು. ಆದ್ರ ಖಾತಿ ಮಾಮಾಂದು, ಆ ಬ್ರಾಂಚಿಗೆ ದಿನಾ ಹೋಗಾಂವನೂ ಅವನೇ. ಸಹಿ ಮಾಡಿದ.

ಸಿಬಿಲ್ ರಿಪೋರ್ಟ್, ಅಂದ್ರ ನಮ್ಮ ಸಾಲದ ಚರಿತ್ರಿ, ವರ್ಷಕ್ಕ ಒಂದು ಪುಕ್ಕಟೆ ಸಿಗತೈತಿ, ಏಪ್ರಿಲ್‌ದಾಗ ತಗದ್ವಿ. ನವೆಂಬರ್ ಮುಂದ ಓವರ್‌ಡ್ಯೂ ಗುರ್ತು ಇನ್ನೂ ಹಂಗೇ ಇತ್ತು. ತಕರಾರು ಹಾಕೀವಿ. 30 ದಿನದಾಗ ಸರಿ ಮಾಡಲಿಲ್ಲಂದ್ರ ದಿನಕ್ಕ ನೂರು ರೂಪಾಯಿ ಗ್ರಾಹಕಗ ಕೊಡಬೇಕು ಅನ್ನೋ ರೂಲ್ 2024ರ ಏಪ್ರಿಲ್‌ದಿಂದ ಐತಿ, ಅದನ್ನೂ ಬರದು ಹಾಕೀನಿ. 22 ದಿನಕ್ಕ ಉತ್ತರ ಬಂತು, ಡಿಪಿ ನಿಜವಾಗ್ಲೂ ಸೊನ್ನಿ ಇತ್ತು, ಎಂಟ್ರಿ ಸರಿ ಐತಿ, ತಗ್ಯಂಗಿಲ್ಲ.

ಈಗ ಮಾಮಾ ಪ್ರತಿ ತಿಂಗಳಾ 5ಕ್ಕ ಎರಡು ಕಾಪಿ ಹಿಡ್ಕೊಂಡು ಬ್ರಾಂಚಿಗೆ ಹೊಕ್ಕಾನ, ಸೀಲ್ ಬೀಳೋ ತನಕ ಎದ್ದು ಬರಂಗಿಲ್ಲ. ಮಗ್ಗ ಆರು ನಡದಾವ. ಎಂಟಕ್ಕ ಎಂಟೂ ನಡ್ಯಾಂಗಿಲ್ಲ, ಯಾಕಂದ್ರ ಇಚಲಕರಂಜಿಯವ ಇನ್ನೂ ಚೆಕ್ ಮುಟ್ಟಂಗಿಲ್ಲ, ನಗದು ಇದ್ರ ಅಷ್ಟ ನೂಲು ಬಿಡ್ತಾನ.